ಕಿಡಕಿ ಮುಚ್ಚಿ ಮಳೆ ಪಾಠ

ಮಾಸ್ತರರಲ್ಲಿ ಎರಡು ಜಾತಿ. ಪಾಠ ಮಾಡುವವರು ಒಂದು, ಪಾಠ ಮಾಡಿದ ಫೋಟೊ ಕಳಿಸುವವರು ಇನ್ನೊಂದು. 2020ರ ಮಾರ್ಚ್‌ವರೆಗೆ ನಾನು ಯಾವ ಜಾತಿಗೂ ಪೂರ್ತಿ ಸೇರಿರಲಿಲ್ಲ. ಆಮೇಲೆ ಕೊರೊನಾ ಬಂದು ಶಾಲೆ ಮುಚ್ಚಿದವು, ಹುಡುಗರಿಲ್ಲದ ಮಾಸ್ತರನ ಕೈಗೆ ಸ್ಮಾರ್ಟ್‌ಫೋನ್ ಬಂತು. ಮೊದಲೇ ಮಂಗ, ಮೇಲೆ ಹೆಂಡ ಕುಡಿದಿತ್ತು.

ನನ್ನ ಮನೆ ಬೆಳಗಾವಿಯ ಟಿಳಕವಾಡಿಯಲ್ಲಿ, ಶಾಲೆ ಖಾನಾಪುರ ತಾಲ್ಲೂಕಿನ ಕಾಡಂಚಿನಲ್ಲಿ. ದಿನಾ ಅಪ್-ಡೌನ್ ಮಾಡುವ ಮಾಸ್ತರರ ಪೈಕಿ ನಾನೂ ಒಬ್ಬ. ಬೆಳಗಾವಿಯಿಂದ ಖಾನಾಪುರ ಊರಿಗೆ 25 ಕಿ.ಮೀ. ಆಸುಪಾಸು. ಅಲ್ಲಿಂದ ಜಾಂಬೋಟಿ, ಕಣಕುಂಬಿ ಕಡೆ ಹೊರಟರೆ ಮರ ಹೆಚ್ಚಾಗುತ್ತವೆ, ಮೊಬೈಲಿನ ಗೆರೆ ಕಡಿಮೆಯಾಗುತ್ತವೆ. ಮನೆಯಲ್ಲಿ ವೈಫೈ ಇದ್ದ ನನಗೆ ಈ ಎರಡನೆಯ ಸಂಗತಿ ಮರೆತೇ ಹೋಗಿತ್ತು.

ಸರ್ಕಾರದ ಕಡೆಯಿಂದ ಪಾಠಗಳಿಗೇನೂ ಬರ ಇರಲಿಲ್ಲ. ದೀಕ್ಷಾ ಆ್ಯಪ್ 2017ರಿಂದಲೇ ಇತ್ತು, ಪಠ್ಯಪುಸ್ತಕದೊಳಗೆ ಕ್ಯೂಆರ್ ಕೋಡ್ ಬಂದು ಕುಳಿತಿದ್ದವು. 2020ರಲ್ಲಿ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳು ಶುರುವಾದವು. ಆಕಾಶವಾಣಿಯ ‘ಕೇಳಿ ಕಲಿ’ಯಂತೂ ಹಳೆಯ ನಂಟು. ಎಲ್ಲವೂ ಚೊಲೋ ಇದ್ದವು. ಅವುಗಳಲ್ಲಿ ನನಗೆ ಕಂಡ ಕೊರತೆ ಒಂದೇ: ನನ್ನ ಮುಖ ಇರಲಿಲ್ಲ.

ಆ ಕೊರತೆ ನೀಗಿಸಲು ಖಡೇಬಜಾರಿಗೆ ಹೋಗಿ ಒಂದು ಟ್ರೈಪಾಡು, ಮುಖಕ್ಕೆ ಬೆಳಕು ಬಿಡುವ ಒಂದು ದುಂಡನೆಯ ಲೈಟು ತಂದೆ. ಮಲಗುವ ಕೋಣೆ ಸ್ಟುಡಿಯೊ ಆಯಿತು. ಎಡಿಟಿಂಗ್‌ಗೆ ಪಕ್ಕದ ಮನೆಯ ಕಾಲೇಜು ಹುಡುಗ ಸಿಕ್ಕ, ಕೂಲಿ ಕುಂದಾ ಮಿಠಾಯಿಯ ರೂಪದಲ್ಲಿ. “ಬಾಗಲಾ ಹಾಕ್ಕೊಂಡು ಗ್ವಾಡಿ ಕೂಡ ಏನ್ ಮಾತಾಡ್ತೀರಿ? ಡಾಕ್ಟರಿಗೆ ತೋರಸೂಣೇನು?” ಎಂದು ಹೆಂಡತಿ ಹೊರಗಿನಿಂದ ಕೇಳಿದಳು. ಕಲಾವಿದರನ್ನು ಮನೆಯವರು ತಿಳಿಯುವುದು ತಡ ಎಂದುಕೊಂಡು ಭಿನ್ನರಾಶಿ ಮುಂದುವರಿಸಿದೆ.

ವಿಡಿಯೊ ವಾಟ್ಸ್‌ಆ್ಯಪ್ ಗ್ರೂಪಿಗೆ ಹೋಯಿತು. ಮೊದಲ ಉತ್ತರ ಒಂದು ಧ್ವನಿ ಸಂದೇಶ. ಹಿಂದೆ ಕಾಂಕ್ರೀಟ್ ಕಲಸುವ ಗಿರಣಿಯ ಸದ್ದು. “ಸರ, ನಾ ಮಡಗಾಂವದಾಗ ಸೆಂಟ್ರಿಂಗ್ ಕೆಲಸದ ಮ್ಯಾಲ ಅದೀನ್ರಿ. ಫೋನ್ ನನ್ನ ಕಡೆ ಐತಿ, ಹುಡುಗ ಊರಾಗ ಅದಾನ. ನೀವು ಕೊಟ್ಟ ಲೆಕ್ಕಾ ಸಂಜೀಕ ಕೆಲಸ ಬಿಟ್ಟ ಮ್ಯಾಲ ನಾನ ಮಾಡಿ ಕಳಸ್ತೀನ್ರಿ.” ಹೇಳಿದಂತೆ ಕಳಿಸಿಯೂ ಕಳಿಸಿದರು, ಸಿಮೆಂಟ್ ಚೀಲದ ಕಾಗದದ ಮೇಲೆ. ಎಲ್ಲ ಲೆಕ್ಕವೂ ಸರಿ. ನನ್ನ ಆನ್‌ಲೈನ್ ತರಗತಿಯ ಮೊದಲ ರ‍್ಯಾಂಕ್ ವಿದ್ಯಾರ್ಥಿಗೆ ಗಡ್ಡ ಇತ್ತು.

ಆ ಆಗಸ್ಟ್‌ನಲ್ಲಿ ವಿದ್ಯಾಗಮ ಬಂತು. ಇಂಟರ್ನೆಟ್ ಇರುವ ಫೋನಿನವರು, ಬರೀ ಮಾತಾಡುವ ಫೋನಿನವರು, ಫೋನೇ ಇಲ್ಲದವರು ಎಂದು ಮಕ್ಕಳನ್ನು ಮೂರು ಗುಂಪು ಮಾಡಿ, ಮಾಸ್ತರರೇ ಊರೊಳಗೆ ಹೋಗಿ ಕಲಿಸುವ ಯೋಜನೆ. ನನ್ನ ಪಟ್ಟಿಯಲ್ಲಿ ಮೂರನೆಯ ಗುಂಪು ಹಾಳೆ ತುಂಬಿ ಹಿಂಬದಿಗೂ ಹೋಯಿತು. ಗುಡಿಯ ಕಟ್ಟೆಯ ಮೇಲೆ ಕೂತು, “ನನ್ನ ವಿಡಿಯೊ ಯಾರ್ಯಾರು ನೋಡೀರಿ?” ಎಂದೆ. ಗುಡ್ಡ ಹತ್ತಿ, ರೇಂಜ್ ಹಿಡಿದು, ಚಿಕ್ಕಪ್ಪನ ಫೋನಿನಲ್ಲಿ ನೋಡಿದ್ದ ಹುಡುಗಿಯೊಬ್ಬಳು ಎದ್ದು ನಿಂತಳು. ನನ್ನ ಎದೆ ಉಬ್ಬಿತು.

“ಏನ್ ಕಲ್ತಿವ್ವಾ?”

“ಸರ, ನಿಮ್ಮ ಮನ್ಯಾಗ ಅವತ್ತ ಬ್ಯಾಳಿ ಕುದಿಸಾಕ ಇಟ್ಟಿದ್ರಿ. ಮೂರು ಸೀಟಿ ಆತು. ಆಮ್ಯಾಲ ಅಕ್ಕಾರು ಗ್ಯಾಸ್ ಬಂದ್ ಮಾಡಿದ್ರು.”

ಛೇದ, ಅಂಶ ಎರಡನ್ನೂ ಕುಕ್ಕರ್ ನುಂಗಿತ್ತು. ಪಕ್ಕದ ಹುಡುಗನ ನೋಟ್‌ಬುಕ್ ತೆಗೆದು ನೋಡಿದೆ. ಅಕ್ಷರಗಳೆಲ್ಲ ಬೆನ್ನು ತಿರುಗಿಸಿ ನಿಂತಿದ್ದವು. ಸೆಲ್ಫಿ ಕ್ಯಾಮೆರಾದಲ್ಲಿ ಶೂಟಿಂಗ್ ಮಾಡಿದ್ದರಿಂದ ನನ್ನ ಹಲಗೆಯ ಬರಹ ಕನ್ನಡಿಯೊಳಗಿನಂತೆ ತಿರುವುಮುರುವಾಗಿತ್ತು. ಈತ ಒಂದು ಕೊಂಬನ್ನೂ ಬಿಡದೆ ಹಾಗೇ ಇಳಿಸಿದ್ದ. ಮನೆಯಲ್ಲಿ ಮರಾಠಿ ಆಡುವ ಹುಡುಗ, ಕನ್ನಡ ಶಾಲೆಯಲ್ಲೇ ಕಲಿತದ್ದು. “ಹಿಂಗ್ಯಾಕ ಬರದಿಯೋ?” ಎಂದರೆ ವಿನಯದಿಂದ ಹೇಳಿದ: “ಆನ್‌ಲೈನ್ ಕನ್ನಡ ಬ್ಯಾರೆ ಇರತೈತಿ ಅನ್ಕೊಂಡೆ ಸರ.”

ಅಕ್ಟೋಬರ್‌ನಲ್ಲಿ ಕೊರೊನಾ ಹೆದರಿಕೆಗೆ ವಿದ್ಯಾಗಮ ನಿಂತಿತು. ಹೊಸ ವರ್ಷಕ್ಕೆ ಮತ್ತೆ ಶುರುವಾಯಿತು. ಮುಂದೆ ಶಾಲೆ ಪೂರ್ತಿ ತೆರೆದು, 2022-23 ‘ಕಲಿಕಾ ಚೇತರಿಕೆ’ಯ ವರ್ಷವಾಯಿತು. ಇಷ್ಟಾದ ಮೇಲಾದರೂ ನಾನು ಸುಮ್ಮನೆ ಸುಣ್ಣದಕಡ್ಡಿ ಹಿಡಿಯಬಹುದಿತ್ತು. ಆದರೆ ಬೆಳಗಾವಿಯಲ್ಲಿ ಒಂದು ತರಬೇತಿಗೆ ಕರೆ ಬಂತು.

ವಿಷಯ: ಬ್ಲೆಂಡೆಡ್ ಲರ್ನಿಂಗ್. ಆನ್‌ಲೈನ್ ಕಲಿಕೆ, ತರಗತಿಯ ಕಲಿಕೆ ಎರಡನ್ನೂ ಬೆರೆಸುವುದು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯ 24ನೇ ಭಾಗ ಇದನ್ನೇ ಹೇಳುತ್ತದೆ. ತಂತ್ರಜ್ಞಾನದ ಬಳಕೆ ಎಲ್ಲರಿಗೂ ಸಮನಾಗಿ ಸಿಗಬೇಕು ಎಂಬುದನ್ನು ತಲೆಬರಹದಲ್ಲೇ ಹೇಳುತ್ತದೆ. ನಾನು ತಲೆಬರಹ ಬಿಟ್ಟು ಮುಂದಿನದನ್ನು ಓದಿದೆ. ಎ.ಸಿ. ಹಾಲು, ಗೋಡೆಯಗಲ ಪರದೆ, ನಡುವೆ ಚಹಾ-ಬಿಸ್ಕೀಟು. ಹೊರಬಂದಾಗ ನನ್ನ ತಲೆಯಲ್ಲಿ ಖಾನಾಪುರದ ಮಕ್ಕಳು ಸಿಂಗಪುರದ ಮಕ್ಕಳಾಗಿದ್ದರು.

ಶಾಲೆಗೆ ದಾನಿಗಳು ಕೊಟ್ಟ ದೊಡ್ಡ ಟಿ.ವಿ. ಇತ್ತು. ಪುಸ್ತಕದ ಕ್ಯೂಆರ್ ಕೋಡ್ ಹಿಡಿದು ಪಾಠ ತರಿಸೋಣ ಎಂದರೆ, ಸಿಕ್ಕ ಪುಸ್ತಕದಲ್ಲಿ ಆ ಕೋಡಿನ ಬಿಳಿ ಚೌಕಗಳಿಗೆಲ್ಲ ಯಾರೋ ನೀಲಿ ಪೆನ್ನಿನಿಂದ ಬಣ್ಣ ತುಂಬಿದ್ದರು, ಗೆರೆ ದಾಟದಂತೆ, ಒಂದೊಂದನ್ನೂ. ಅಷ್ಟು ಶ್ರದ್ಧೆಯನ್ನು ನನ್ನ ಹೋಮ್‌ವರ್ಕ್‌ನಲ್ಲಿ ನಾನೆಂದೂ ಕಂಡಿರಲಿಲ್ಲ. ಕೊನೆಗೆ ಮನೆಯ ವೈಫೈಯಲ್ಲಿ ವಿಡಿಯೊ ಇಳಿಸಿ, ಪೆನ್‌ಡ್ರೈವಿಗೆ ಹಾಕಿಕೊಂಡು, ತಾಯಿತದಂತೆ ಜೋಪಾನವಾಗಿ ಬಸ್ಸಿನಲ್ಲಿ ಒಯ್ದೆ. ವಿಷಯ ‘ಮಳೆ ಹೇಗೆ ಬರುತ್ತದೆ?’ ತಿಂಗಳು ಜುಲೈ.

ಖಾನಾಪುರದ ಜುಲೈ ಗೊತ್ತಿದ್ದವರಿಗೆ ಮುಂದಿನದನ್ನು ಹೇಳಬೇಕಿಲ್ಲ. ಹೊರಗೆ ಮಳೆ ಹುಚ್ಚೆದ್ದು ಸುರಿಯುತ್ತಿತ್ತು. ಹಂಚಿನ ಮೇಲಿನ ಸದ್ದಿಗೆ ಟಿ.ವಿ.ಯ ದನಿ ಕೇಳಲೊಲ್ಲದು. ಬೆಳಕಿಗೆ ಪರದೆ ಕಾಣಲೊಲ್ಲದು. ಮಕ್ಕಳೆಲ್ಲ ಹೊರಗೇ ನೋಡುತ್ತಿದ್ದರು. ನನಗೆ ಸಿಟ್ಟು ಬಂತು. “ಮಳಿ ಏನ್ ನೋಡ್ತೀರಿ? ಕಿಡಕಿ ಮುಚ್ರಿ, ಮಳಿ ಬಗ್ಗೆ ವಿಡಿಯೊ ನೋಡ್ರಿ!” ಎಂದು ಗದರಿಸಿದೆ. ಕಿಡಕಿ ಮುಚ್ಚಿದರು. ಪರದೆಯ ಮೇಲೆ ಸಮುದ್ರದ ನೀರು ಆವಿಯಾಗಿ, ಮೇಲೇರಿ, ಮೋಡವಾಗಿ, ಇನ್ನೇನು ಹನಿ ಬೀಳಬೇಕು, ಕರೆಂಟ್ ಹೋಯಿತು.

ಮುಚ್ಚಿದ ಕೋಣೆ, ಕತ್ತಲೆ, ಒದ್ದೆ ಅಂಗಿಗಳ ವಾಸನೆ, ನಡುವೆ ತರಬೇತಿ ಪಡೆದ ಒಬ್ಬ ಮಾಸ್ತರ. ಹಿಂದಿನ ಸಾಲಿನಿಂದ ಸಣ್ಣ ದನಿ ಬಂತು: “ಸರ, ಕಿಡಕಿ ತಗೀಲೇನ್ರಿ? ಅಲ್ಲಿ ಚಾಲೂ ಐತಿ.”

ತೆಗೆಸಿದೆ. ಬೇರೆ ದಾರಿ ಇರಲಿಲ್ಲ. ಎಲ್ಲರೂ ಕಿಡಕಿಗೆ ಮುತ್ತಿಕೊಂಡರು. “ಈ ನೀರು ಎಲ್ಲಿಗೆ ಹೋಗತೈತಿ ಸರ?” ಎಂದು ಒಬ್ಬಳು ಕೇಳಿದಳು. ವಿಡಿಯೊದಲ್ಲಿ ಈ ಪ್ರಶ್ನೆ ಇರಲಿಲ್ಲ, ತರಬೇತಿಯಲ್ಲೂ ಇರಲಿಲ್ಲ. ಆದರೆ ನಮ್ಮ ತಾಲ್ಲೂಕಿನಲ್ಲಿ ಇದಕ್ಕಿಂತ ಒಳ್ಳೆಯ ಪ್ರಶ್ನೆ ಇಲ್ಲ. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಪೂರ್ವಕ್ಕೆ ಹರಿದು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರಿ, ಬಂಗಾಳ ಕೊಲ್ಲಿಗೆ ಹೋಗುತ್ತಾಳೆ. ಇದೇ ತಾಲ್ಲೂಕಿನ ಭೀಮಗಡದ ಕಾಡಿನ ಮಹದಾಯಿ ಪಶ್ಚಿಮಕ್ಕೆ ತಿರುಗಿ, ಗೋವಾ ದಾಟಿ, ಅರಬ್ಬಿ ಸಮುದ್ರ ಸೇರುತ್ತಾಳೆ. ಮಳೆ ಒಂದೇ, ಬೀಳುವ ಗುಡ್ಡದ ಮಗ್ಗುಲು ಬದಲಾದರೆ ಸಮುದ್ರವೇ ಬೇರೆ.

ಬಾಯಲ್ಲಿ ಹೇಳಿದರೆ ನಂಬಲಿಲ್ಲ. ಆಗ ಫೋನ್ ತೆಗೆದೆ. ಮೊದಲೇ ಇಳಿಸಿಕೊಂಡಿದ್ದ ಉಪಗ್ರಹ ನಕ್ಷೆ ಅದರಲ್ಲಿತ್ತು. ಎರಡೂ ನದಿಗಳ ಮೇಲೆ ಬೆರಳಾಡಿಸಿ ಸಮುದ್ರದವರೆಗೆ ಒಯ್ದೆವು. ಮಡಗಾಂವದ ಸೆಂಟ್ರಿಂಗ್ ಅಪ್ಪನ ಮಗ ಗೋವಾದ ಹತ್ತಿರ ಬೆರಳು ನಿಲ್ಲಿಸಿ, “ನಮ್ಮಪ್ಪ ಇಲ್ಲಿ ಅದಾನ್ರಿ” ಎಂದ. ಕರೆಂಟ್ ಇಲ್ಲ, ನೆಟ್ ಇಲ್ಲ, ಟಿ.ವಿ. ಸತ್ತು ಕೂತಿದೆ. ನನ್ನ ಮೊದಲ ಬ್ಲೆಂಡೆಡ್ ಪಾಠ ನಡೆದದ್ದು ಹೀಗೆ. ಫೋಟೊ ತೆಗೆಯಲು ಮರೆತೆ. ಆದ್ದರಿಂದ ದಾಖಲೆಯ ಪ್ರಕಾರ ಅದು ನಡೆದೇ ಇಲ್ಲ.

ಅಂದಿನಿಂದ ನನ್ನ ಲೆಕ್ಕ ಸರಳ. ಖಾನಾಪುರದಲ್ಲಿ ಇಲ್ಲದ್ದನ್ನು ಪರದೆ ತೋರಿಸಲಿ: ಜ್ವಾಲಾಮುಖಿ, ಮರುಭೂಮಿ, ಬಡಿಯುವ ಹೃದಯ. ಇದ್ದದ್ದನ್ನು ಕಿಡಕಿ ತೋರಿಸಲಿ: ಮಳೆ, ಮರ, ನಮ್ಮೂರ ಕುಂಬಾರರ ಮಣ್ಣು. ವಿಡಿಯೊ ಹಚ್ಚುವ ಮೊದಲು ಒಂದು ಪ್ರಶ್ನೆ, ನಡುವೆ ನಿಲ್ಲಿಸಿ ಒಂದು ಪ್ರಶ್ನೆ. ಆ ನಿಲ್ಲಿಸುವ ಗುಂಡಿ ಒತ್ತುವುದಕ್ಕಷ್ಟೇ ಮಾಸ್ತರ ಬೇಕು, ಆದರೆ ಯಾವಾಗ ಒತ್ತಬೇಕು ಎಂಬುದು ಟಿ.ವಿ.ಗೆ ಗೊತ್ತಿಲ್ಲ. ಮನೆಯಲ್ಲಿ ನೋಡಿಕೊಂಡು ಬರಲಿ ಎಂಬ ಪಾಠ, ಮನೆಯಲ್ಲಿ ಫೋನ್ ಉಳಿಯುವ ಊರಿಗೆ ಮಾತ್ರ ಸರಿ.

ತರಬೇತಿ ಏರ್ಪಡಿಸುವ ಹಿರಿಯರಲ್ಲಿ ಒಂದು ವಿನಂತಿ. ಮುಂದಿನ ಬ್ಲೆಂಡೆಡ್ ಲರ್ನಿಂಗ್ ಶಿಬಿರವನ್ನು ಬೆಳಗಾವಿಯ ಎ.ಸಿ. ಹಾಲಿನಲ್ಲಿ ಇಡಬೇಡಿ. ಜುಲೈ ತಿಂಗಳಲ್ಲಿ ಕಣಕುಂಬಿ ಕಡೆಯ ಯಾವುದಾದರೂ ಶಾಲೆಯಲ್ಲಿ ಇಡಿ. ಚಹಾದ ವ್ಯವಸ್ಥೆ ನಾವು ಮಾಡುತ್ತೇವೆ. ಕರೆಂಟ್ ಮತ್ತು ರೇಂಜ್ ಮಾತ್ರ ನೀವೇ ತನ್ನಿ.