ಮಲ್ಪೆ ಸಿದ್ಧಾಂತ: ಫಾರಿನ್ ಡಿಗ್ರಿಯ ಕುರಿತು ಒಂದು ಶಾಸ್ತ್ರವಿಚಾರ

ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಮೊದಲೇ ಹೇಳದೆ ಶಾಸ್ತ್ರಗ್ರಂಥ ಶುರುಮಾಡಬಾರದೆಂಬುದು ಹಿರಿಯರ ಕಟ್ಟಳೆ. ಈ ಪ್ರಬಂಧದ ವಿಷಯ: ಪಿಯುಸಿ ಮುಗಿದದ್ದೇ ತಡ ಪರದೇಶಕ್ಕೆ ಹಾರಿ, ಪೂರ್ತಿ ಡಿಗ್ರಿಯನ್ನು ಅಲ್ಲೇ ಮಾಡುವುದು. ಪ್ರಯೋಜನ: ಮದುವೆ ಮಾತುಕತೆಯ ಹೊತ್ತಿಗೆ ತಾನಾಗಿ ತಿಳಿಯುತ್ತದೆ. ಸಂಬಂಧ: ಬ್ಯಾಂಕಿನೊಂದಿಗೆ. ಇನ್ನು ಈ ವಿದ್ಯೆಗೆ ಅಧಿಕಾರಿ ಯಾರು? ಹಳೆಯ ಶಾಸ್ತ್ರಗಳಲ್ಲಿ ಶಮದಮಾದಿ ಗುಣಗಳುಳ್ಳವನು. ಇಲ್ಲಿ ಜಾಗದ ಆರ್‌ಟಿಸಿ ಉಳ್ಳವನು. ಏಳೂವರೆ ಲಕ್ಷ ದಾಟಿದ ಶಿಕ್ಷಣ ಸಾಲಕ್ಕೆ ಬ್ಯಾಂಕಿನವರು ಸಾಮಾನ್ಯವಾಗಿ ಆಸ್ತಿಯ ಭದ್ರತೆ ಕೇಳುತ್ತಾರೆ. ಶಮದಮಾದಿಗಳನ್ನು ಅಡವು ಇಟ್ಟುಕೊಂಡು ಸಾಲ ಕೊಟ್ಟ ಮ್ಯಾನೇಜರನ್ನು ನಾವಂತೂ ಕಂಡಿಲ್ಲ.

ಮೊದಲಿಗೆ ಲಕ್ಷಣ ವಿಚಾರ. ಫಾರಿನ್ ಎಂದರೇನು? ‘ವಿಮಾನದಿಂದ ಇಳಿದಲ್ಲಿ ಸಿಗುವುದು’ ಎಂಬುದು ಪೂರ್ವಪಕ್ಷ. ಹಾಗಾದರೆ ಬಜಪೆಯಲ್ಲಿ ಹತ್ತಿದವನಿಗೆ ಬೆಂಗಳೂರೂ ಫಾರಿನ್ ಆಗಬೇಕಾಗುತ್ತದೆ. ಅಲ್ಲಿನ ಮನೆಬಾಡಿಗೆ ಕೇಳಿದರೆ ಹೌದೆನಿಸಿದರೂ ಶಾಸ್ತ್ರ ಒಪ್ಪದು. ‘ಸಮುದ್ರ ದಾಟಿದರೆ ಸಿಗುವುದು’ ಎಂದು ಇನ್ನೊಂದು ಪಕ್ಷ. ಆಗ ಮಲ್ಪೆಯಿಂದ ಬೋಟು ಹತ್ತಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿ, ಕಂಬದಂತೆ ನಿಂತ ಕರಿಕಲ್ಲುಗಳ ಮುಂದೆ ಸೆಲ್ಫಿ ತೆಗೆದು, ಸಂಜೆಗೆ ಮರಳುವವರೆಲ್ಲ ಫಾರಿನ್ ರಿಟರ್ನ್ಡ್ ಆಗಿಬಿಡುತ್ತಾರೆ. ಆದ್ದರಿಂದ ನಮ್ಮ ಸಿದ್ಧಾಂತ ಇದು: ಯಾವ ಊರಿನಲ್ಲಿ ಓದುವ ಮಗನ ಬಗ್ಗೆ ತಾಯಿ ‘ಅಲ್ಲಿ ಊಟಕ್ಕೆ ಏನು ಮಾಡುತ್ತಾನೋ’ ಎನ್ನುತ್ತಾಳೋ, ತಂದೆ ‘ನಮ್ಮವ ಫಾರಿನ್‌ನಲ್ಲಿ’ ಎನ್ನುತ್ತಾನೋ, ಆ ಊರು ಫಾರಿನ್.

ಈ ಲಕ್ಷಣವನ್ನು ಒಪ್ಪಿದ ಕೂಡಲೇ ಒಂದು ಮಹತ್ತ್ವದ ಶೋಧ ಹೊರಬೀಳುತ್ತದೆ. ಮಲ್ಪೆಯಿಂದ ಉಡುಪಿ ಮೇಲಾಗಿ ಹತ್ತು ಹನ್ನೊಂದು ಕಿಲೋಮೀಟರ್ ಹೋದರೆ ಸಿಗುವ ಮಣಿಪಾಲ ಶುದ್ಧ ಫಾರಿನ್. ಯಾರಿಗೆ? ಮಲೇಷ್ಯಾದ ಮಲಕ್ಕಾದಲ್ಲಿರುವ ತಾಯಿಗೆ. 1997ರಲ್ಲಿ ಮಲಕ್ಕಾ ಮಣಿಪಾಲ್ ಮೆಡಿಕಲ್ ಕಾಲೇಜು ಶುರುವಾದಾಗ ಏರ್ಪಾಡು ಹೀಗಿತ್ತು: ಮಲೇಷ್ಯಾದ ಮಕ್ಕಳು ಎಂಬಿಬಿಎಸ್‌ನ ಮೊದಲ ಭಾಗ ಮಣಿಪಾಲದಲ್ಲಿ ಓದಿ, ಆಮೇಲೆ ಆಸ್ಪತ್ರೆಯ ಪಾಠಕ್ಕೆ ಸ್ವದೇಶಕ್ಕೆ ಮರಳುವುದು. ಹೀಗೆ ಸಾವಿರಾರು ಕಿಲೋಮೀಟರ್ ಹಾರಿ ಬಂದ ಹುಡುಗಿಯೂ ಮಲ್ಪೆಯಲ್ಲಿ ಸಿಟಿ ಬಸ್ಸು ಹತ್ತಿದ ಹುಡುಗಿಯೂ ಟೈಗರ್ ಸರ್ಕಲ್‌ನಲ್ಲಿ ಒಟ್ಟಿಗೇ ಇಳಿಯುತ್ತಿದ್ದರು. ಒಬ್ಬಳು ಪರದೇಶಕ್ಕೆ ಬಂದಿದ್ದಳು, ಇನ್ನೊಬ್ಬಳು ಜೆರಾಕ್ಸ್ ಮಾಡಿಸಲಿಕ್ಕೆ.

ಇತಿಹಾಸದ ಬಲವೂ ಈ ಪಕ್ಷಕ್ಕಿದೆ. 1498ರಲ್ಲಿ ವಾಸ್ಕೋ ಡ ಗಾಮ ಮಲ್ಪೆಯೆದುರಿನ ದ್ವೀಪದಲ್ಲಿ ಇಳಿದು ಸೇಂಟ್ ಮೇರಿಯ ಹೆಸರಿಟ್ಟನೆಂದು ಪ್ರತೀತಿ. 1511ರಲ್ಲಿ ಪೋರ್ಚುಗೀಸರು ಮಲಕ್ಕಾವನ್ನು ಹಿಡಿದರು. ಅಂದರೆ ಮಲ್ಪೆ-ಮಲಕ್ಕಾ ಮಾರ್ಗಕ್ಕೆ ಅವರಿಗೆ ಹದಿಮೂರು ವರ್ಷ ಹಿಡಿಯಿತು, ಅದೂ ಡಿಗ್ರಿ ಇಲ್ಲದೆ. ಇನ್ನೂ ಹಿಂದಕ್ಕೆ ಹೋಗುವುದಾದರೆ, ದ್ವಾರಕೆಯಿಂದ ಬಂದ ಹಡಗು ಮಲ್ಪೆಯ ಬಳಿ ಬಿರುಗಾಳಿಗೆ ಸಿಕ್ಕಿದ್ದು, ಮಧ್ವಾಚಾರ್ಯರು ಅದನ್ನು ಪಾರುಮಾಡಿದ್ದು, ಗೋಪೀಚಂದನದ ಹೆಂಟೆಯೊಳಗಿಂದ ಕೃಷ್ಣ ಪ್ರಕಟವಾದದ್ದು ಎಲ್ಲರಿಗೂ ಗೊತ್ತಿರುವ ಕಥೆ. ಹೊರಗಿನಿಂದ ಬಂದು ಉಡುಪಿಯಲ್ಲಿ ಖಾಯಂ ನೆಲೆಸಿದ ಪ್ರಕರಣ ಇದಕ್ಕಿಂತ ಹಳೆಯದು ಕೇಳಿದರೆ ಕೊಡಲಾರೆವು. ವೀಸಾ ವಿಸ್ತರಣೆಯ ಪ್ರಶ್ನೆ ಇಂದಿನವರೆಗೆ ಬಂದಿಲ್ಲ.

ಆಚಾರ್ಯರ ಹೆಸರು ಬಂದದ್ದರಿಂದ ಪಂಚಭೇದವನ್ನೂ ಇಲ್ಲೇ ವಿಚಾರಿಸಬಹುದು. ತತ್ತ್ವವಾದದಲ್ಲಿ ಈಶ್ವರ, ಜೀವ, ಜಡ ಇವುಗಳ ನಡುವೆ ಐದು ಬಗೆಯ ನಿತ್ಯ ಭೇದ. ಅದನ್ನು ಪ್ರಕೃತಕ್ಕೆ ಅನ್ವಯಿಸಿದರೆ (ಅಷ್ಟಮಠದವರು ಕ್ಷಮಿಸಬೇಕು) ವೀಸಾ ಆಫೀಸರ್ ಈಶ್ವರ, ಅರ್ಜಿದಾರ ಜೀವ. ಇವರಿಬ್ಬರಲ್ಲಿ ಅಭೇದವನ್ನು ಯಾವ ಅದ್ವೈತಿಯೂ ಸಾಧಿಸಲಾರ. ಜೀವಕ್ಕೂ ಜೀವಕ್ಕೂ ಇರುವ ಭೇದ, ಸ್ಕಾಲರ್‌ಶಿಪ್ ಸಿಕ್ಕಿದವನಿಗೂ ಸಾಲ ಮಾಡಿದವನಿಗೂ ಇರುವಂಥದ್ದು. ಈಶ್ವರ-ಜಡ ಎಂದರೆ ಆಫೀಸರೂ, ಅವರು ತೆರೆದೇ ನೋಡದ ನಮ್ಮ ಫೈಲೂ. ಜೀವ-ಜಡ ಎಂದರೆ ಹುಡುಗನೂ ಸೂಟ್‌ಕೇಸೂ. ಜಡಕ್ಕೂ ಜಡಕ್ಕೂ ಇರುವ ಭೇದವೇ ಅತ್ಯಂತ ದಾರುಣ: ಅದು ರೂಪಾಯಿಗೂ ಡಾಲರಿಗೂ ಇರುವುದು, ಮತ್ತು ದಿನದಿನಕ್ಕೆ ಹೆಚ್ಚುವುದು.

ಅಮೆರಿಕದ ಕಾನೂನಿನ ಪ್ರಕಾರ ವಿದ್ಯಾರ್ಥಿ ವೀಸಾಕ್ಕೆ ಬಂದವನು ಅಲ್ಲೇ ಉಳಿಯಲು ಹೊರಟವನೆಂದು ಮೊದಲೇ ಊಹಿಸಲಾಗುತ್ತದೆ. ಓದು ಮುಗಿದ ಮೇಲೆ ಊರಿಗೆ ಮರಳುತ್ತೇನೆಂದು ನಂಬಿಸುವ ಹೊಣೆ ಅವನದೇ. ಹೀಗಾಗಿ ಚೆನ್ನೈಯ ವೀಸಾ ಕಿಟಕಿಯ ಮುಂದೆ ‘ಖಂಡಿತ ಬರುತ್ತೇನೆ, ಅಪ್ಪನ ಬೋಟು ನೋಡಿಕೊಳ್ಳಬೇಕು’ ಎನ್ನಬೇಕು. ಬೀಗರಾಗಬಹುದಾದವರ ಮುಂದೆ ಅದೇ ಅಪ್ಪ ‘ಅವ ಇನ್ನು ಬರುವುದು ಡೌಟು’ ಎಂದು ಬೇಸರದ ಮುಖ ಮಾಡಿ ಹೆಮ್ಮೆಪಡಬೇಕು. ಒಂದೇ ಹುಡುಗನಲ್ಲಿ ಪುನರಾಗಮನವೂ ಅದರ ಅಭಾವವೂ ಏಕಕಾಲಕ್ಕೆ ಇರುವುದನ್ನು ತರ್ಕಶಾಸ್ತ್ರ ವಿರೋಧ ಎನ್ನುತ್ತದೆ. ಮಲ್ಪೆ ಕಡೆ ಇದಕ್ಕೆ ಭವಿಷ್ಯ ಎನ್ನುತ್ತಾರೆ.

ಈಗ ಅರ್ಥಶಾಸ್ತ್ರ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಎಂಬ ಠೇವಣಿಯನ್ನು ತಂದಿತು. ಏಜೆಂಟರು ದಿನಾ ಮನೆಬಾಗಿಲಿಗೆ ಬಂದು ಎರಡಾಣೆಯನ್ನಾದರೂ ಪಡೆದು ಪುಸ್ತಕದಲ್ಲಿ ಬರೆದುಹೋಗುತ್ತಿದ್ದರು. ಮೀನು ಮಾರಿ ಬಂದ ಹೆಂಗಸಿನ ಸೆರಗಿನ ಗಂಟಿನಿಂದ ಮಕ್ಕಳ ಫೀಸು ಹುಟ್ಟಿದ್ದು ಹಾಗೆ. ಆ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಲೀನವಾಯಿತು. ಆದರೆ ಪಿಗ್ಮಿಯ ತತ್ತ್ವವನ್ನು ಜರ್ಮನರು ತಲೆಕೆಳಗು ಮಾಡಿ ಉಳಿಸಿಕೊಂಡಿರುವುದನ್ನು ಈ ತನಕ ಯಾವ ವಿದ್ವಾಂಸರೂ ಗುರುತಿಸಿಲ್ಲ. ಜರ್ಮನಿಯ ಬಹುಪಾಲು ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಇಲ್ಲ. ಇದನ್ನು ಕೇಳಿ ಹಿಗ್ಗಿದ ತಂದೆಗೆ ಎರಡನೆಯ ವಾಕ್ಯದಲ್ಲಿ ಸ್ಪೆರ್‌ಕೊಂಟೊ ಎದುರಾಗುತ್ತದೆ. ಅದೊಂದು ಬೀಗ ಹಾಕಿದ ಖಾತೆ. 2024ರ ಸೆಪ್ಟೆಂಬರಿನಿಂದ ಜಾರಿಯಾದ ಲೆಕ್ಕದಂತೆ ವರ್ಷಕ್ಕೆ 11,904 ಯೂರೋವನ್ನು ಅದರಲ್ಲಿ ಮೊದಲೇ ಇಡಬೇಕು. ಹುಡುಗ ಅಲ್ಲಿಗೆ ಹೋದಮೇಲೆ ತಿಂಗಳಿಗೆ 992 ಯೂರೋ ಕೈಗೆ ಬಿಡುತ್ತಾರೆ. ಪಿಗ್ಮಿಯಲ್ಲಿ ನಮ್ಮ ದುಡ್ಡನ್ನು ಚೂರುಚೂರಾಗಿ ಒಯ್ದು ಒಟ್ಟಿಗೆ ಕೊಡುತ್ತಿದ್ದರು. ಇಲ್ಲಿ ಒಟ್ಟಿಗೆ ಒಯ್ದು ಚೂರುಚೂರಾಗಿ ಕೊಡುತ್ತಾರೆ. ಏಜೆಂಟರು ಮನೆಗೆ ಬಂದು ಒಂದು ಲೋಟ ನೀರು ಕುಡಿದು ಸುದ್ದಿ ಹೇಳುವ ಪದ್ಧತಿ ಮಾತ್ರ ಅಲ್ಲಿಲ್ಲ.

ಅಷ್ಟಾದರೂ ನಮ್ಮ ಹನ್ನೆರಡನೆಯ ತರಗತಿಯೊಂದೇ ಅಲ್ಲಿ ನೇರ ಪ್ರವೇಶಕ್ಕೆ ಸಾಲದು. ಸ್ಟೂಡಿಯನ್‌ಕೊಲೆಗ್ ಎಂಬ ಒಂದು ವರ್ಷದ ತಯಾರಿ ಬೇಕು, ಇಲ್ಲವೇ ಇಲ್ಲಿ ಒಂದು ವರ್ಷ ಕಾಲೇಜು, ಅದೂ ಇಲ್ಲವೆಂದರೆ ಜೆಇಇ ಅಡ್ವಾನ್ಸ್ಡ್‌ನಲ್ಲಿ ಪಾಸು. ‘ಅದು ಪಾಸಾಗುವಂತಿದ್ದರೆ ಜರ್ಮನಿಗೆ ಯಾಕೆ ಹೋಗುತ್ತಿದ್ದ?’ ಎಂದು ಪ್ರತಿ ಕುಟುಂಬದಲ್ಲೂ ಒಬ್ಬ ಸೋದರಮಾವ ಕೇಳುವನು. ಅವನ ಪ್ರಶ್ನೆಗೆ ಉತ್ತರವಿಲ್ಲ, ಅವನಿಗೆ ಆಮೇಲೆ ಚಹಾವೂ ಇಲ್ಲ.

ನಿರ್ಗಮನದ ಋತುವನ್ನು ಕುರಿತು ಒಂದು ಮಾತು. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟುಗಳು ಧಕ್ಕೆಯಲ್ಲಿ ಒಂದಕ್ಕೊಂದು ಒತ್ತಿ ನಿಂತಿರುತ್ತವೆ. ಆಗಸ್ಟಿನಲ್ಲಿ ವಡಭಾಂಡೇಶ್ವರದ ಕಡಲಿಗೆ ಹಾಲು, ತೆಂಗಿನಕಾಯಿ ಅರ್ಪಿಸಿ ಸಮುದ್ರಪೂಜೆ ಮಾಡಿದ ಮೇಲೆ ಅವು ಹೊರಡುತ್ತವೆ. ವಿದ್ಯಾರ್ಥಿಗಳೂ ಅದೇ ಆಗಸ್ಟಿನಲ್ಲಿ ಹೊರಡುತ್ತಾರೆ. ಎರಡಕ್ಕೂ ಸಾಲವೇ ಇಂಧನ. ಆಳಸಮುದ್ರದ ಬೋಟು ಹತ್ತು ಹನ್ನೆರಡು ದಿನಕ್ಕೆ ಮೀನಿನೊಂದಿಗೆ ಮರಳುತ್ತದೆ. ಹುಡುಗ ನಾಲ್ಕು ವರ್ಷದ ಬಳಿಕ ಉಚ್ಚಾರದೊಂದಿಗೆ ಮರಳುತ್ತಾನೆ.

ಹೊರಡುವ ಮುನ್ನಾದಿನ ಸೂಟ್‌ಕೇಸಿಗೆ 23 ಕಿಲೋದ ಮಿತಿ. ಬಚ್ಚಲೊಲೆಯ ಪಕ್ಕ ಮೀನು ತೂಗುವ ತಕ್ಕಡಿ ತಂದು ನೇತುಹಾಕುತ್ತಾರೆ. ಮಿಡಿ ಉಪ್ಪಿನಕಾಯಿಯ ಬಾಟಲಿಗೆ ಮೂರು ಸುತ್ತು ಟೇಪು. ಎಟ್ಟಿ ಚಟ್ನಿಪುಡಿಯ ಪೊಟ್ಟಣದ ಮೇಲೆ ಅಜ್ಜಿಯ ಒತ್ತಾಯಕ್ಕೆ ಇನ್ನೊಂದು ಪ್ಲಾಸ್ಟಿಕ್. ಕುಚ್ಚಲಕ್ಕಿ ಐದು ಕಿಲೋ. ಮುಳ್ಳು 26 ತೋರಿಸುತ್ತದೆ. ಆಗ ಯಾವುದನ್ನು ತೆಗೆಯುವುದು ಎಂಬ ಜಿಜ್ಞಾಸೆ ಹುಟ್ಟಿ, ಅಕ್ಕಿಯಲ್ಲ, ಚಟ್ನಿಯಲ್ಲ, ಸರ್ವಾನುಮತದಿಂದ ಪಠ್ಯಪುಸ್ತಕಗಳು ಹೊರಬರುತ್ತವೆ.

ಕೊನೆಗೆ ಆಪ್ತವಾಕ್ಯ. ಈ ವಾದದಲ್ಲಿ ಎಲ್ಲ ಪಕ್ಷದವರೂ ಉದ್ಧರಿಸುವುದು ಸತ್ಯ ನಾದೆಲ್ಲಾ ಅವರನ್ನು. ಮೈಕ್ರೋಸಾಫ್ಟ್ ತಲುಪಿದ್ದು ಅಮೆರಿಕದಲ್ಲಿ ಓದಿ ಎಂದು ಒಂದು ಪಂಗಡ. ಅಮೆರಿಕಕ್ಕೆ ಅವರು ಹೋದದ್ದು ಸ್ನಾತಕೋತ್ತರಕ್ಕೆ; ಬಿಇ ಮುಗಿಸಿದ್ದು 1988ರಲ್ಲಿ ಮಣಿಪಾಲದ ಎಂಐಟಿಯಲ್ಲಿ ಎಂದು ಇನ್ನೊಂದು. ಟಿ.ಎಂ.ಎ. ಪೈಗಳು 1953ರಲ್ಲಿ ಕೆಎಂಸಿ, 1957ರಲ್ಲಿ ಈ ಎಂಐಟಿಯನ್ನು ಕಟ್ಟಿದ್ದು ಬೋಳು ಗುಡ್ಡದ ಮೇಲೆ. ಅದೇ ಗುಡ್ಡಕ್ಕೆ ಈಗ ದೇಶದೇಶದಿಂದ ಮಕ್ಕಳು ಬರುತ್ತಾರೆ, ಕೆಳಗಿನ ಮಲ್ಪೆಯವರು ಅವರಿಗೆ ಬಂಗುಡೆ ಮಾರಿ, ಬಂದ ದುಡ್ಡಿನಲ್ಲಿ ತಮ್ಮ ಮಕ್ಕಳನ್ನು ದೇಶದೇಶಕ್ಕೆ ಕಳುಹಿಸುತ್ತಾರೆ. ಈ ವ್ಯಾಪಾರದಲ್ಲಿ ಖಚಿತ ಲಾಭ ವಿಮಾನ ಕಂಪನಿಗೆ ಎಂಬುದು ನಮ್ಮ ನಿರ್ಣಯ.

ಈ ಪ್ರಬಂಧವನ್ನು ಡಾಕ್ಟರೇಟಿಗೆ ಸಲ್ಲಿಸಬೇಕೆಂದಿದೆ. ಫಾರಿನ್ ವಿಶ್ವವಿದ್ಯಾಲಯವೇ ಆಗಬೇಕು, ಆದರೆ ಮಧ್ಯಾಹ್ನ ಊಟಕ್ಕೆ ಮನೆಗೆ ಬರುವಂತಿರಬೇಕು. ಅಂಥದ್ದು ಗೊತ್ತಿದ್ದವರು ದಯವಿಟ್ಟು ತಿಳಿಸಿ.