ಫೇಲ್ ಮಾಡಿಸುವ ರಾಯರು

ರಾಯರು ಚೆಸ್ ಆಡಿದ್ದನ್ನು ಕಂಡವರಿಲ್ಲ. ಮೊಮ್ಮಗ ಬೋರ್ಡು ಹಿಡಿದು ಬಂದರೆ "ಆಮೇಲೆ ಮರಿ, ಪೇಪರ್ ನಡೀತಿದೆ" ಎನ್ನುತ್ತಾರೆ. ಪೇಪರ್ ಬರೆಯುತ್ತಿರುವುದು ಲ್ಯಾಪ್‌ಟಾಪಿನೊಳಗಿನ ಸ್ಟಾಕ್‌ಫಿಶ್ ಎಂಬ ಚೆಸ್ ಯಂತ್ರ.

ಕಾಲೇಜಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು; ಮೌಲ್ಯಮಾಪನದ ಚಟ ಮಾತ್ರ ನಿವೃತ್ತವಾಗಿಲ್ಲ. ಪ್ರಶ್ನೆಯೆಂದರೆ ಬೋರ್ಡಿನ ಒಂದು ಸ್ಥಿತಿ, ಉತ್ತರವೆಂದರೆ ಅಲ್ಲಿಯ ಸರಿಯಾದ ನಡೆ. ಪ್ರಶ್ನೆಗೆ ಹತ್ತು ಸೆಕೆಂಡು. ಓಪನಿಂಗ್ ಬುಕ್ ಒಳಗೆ ತರುವಂತಿಲ್ಲ. ಒಂದು ಮುಗಿದೊಡನೆ ಹ್ಯಾಶ್ ಖಾಲಿಯಾಗಬೇಕು, ಹಿಂದಿನ ಲೆಕ್ಕ ನೆನಪಿಟ್ಟು ಬರೆದರೆ ಅದು ಕಾಪಿ. ಥ್ರೆಡ್ಡೂ ಒಂದೇ. ನಾಲ್ಕು ಕೊಟ್ಟರೆ ಇವತ್ತು ಹೊಳೆದ ನಡೆ ಅದೇ ಪ್ರಶ್ನೆಗೆ ನಾಳೆ ಹೊಳೆಯದೆ ಹೋಗಬಹುದು. "ನಾಲ್ಕು ಜನ ಕೂಡಿ ಬರೆದಿದ್ದಕ್ಕೆ ಯಾರ ಹೆಸರಿಗೆ ಮಾರ್ಕ್ಸ್ ಹಾಕ್ಲಿ?" ಗೆಲ್ಲುವ ಬೇರೊಂದು ನಡೆಯನ್ನು ಯಂತ್ರ ಹುಡುಕಿದರೂ, ಕೀ ಆನ್ಸರ್‌ನಲ್ಲಿ ಇಲ್ಲವೆಂದರೆ ಸೊನ್ನೆ. ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕುವ ಅವಕಾಶವಿಲ್ಲ.

ಬ್ರಾಟ್ಕೊ–ಕೊಪೆಕ್‌ರ 24 ಪ್ರಶ್ನೆ, ರೈನ್‌ಫೆಲ್ಡ್ ಪುಸ್ತಕದ 300 – ಇವೆಲ್ಲ ಈಗಿನ ಯಂತ್ರಗಳಿಗೆ ಮಗ್ಗಿ, ರಾಯರಿಗೆ ಬೇಸರ. ಮುಖ ಅರಳುವುದು 1998ರ ಲಿನಾರೆಸ್ ಪಂದ್ಯಾವಳಿ ಎಂದಾಗ. ಟೊಪಲೊವ್ ಎದುರು 47ನೇ ನಡೆಯಲ್ಲಿ ಶಿರೊವ್ ತನ್ನ ಒಂಟೆಯನ್ನು ಎಚ್3ರಲ್ಲಿಟ್ಟ: ಸೈನಿಕ ಬೇಕಾದರೆ ಹೊಡೆಯಲಿ, ನನ್ನ ರಾಜನಿಗೆ ಒಳನುಗ್ಗಲು ದಾರಿಯಾದರೆ ಸಾಕು ಎಂದು. ಹಳೆಯ ಯಂತ್ರಗಳು ಅಲ್ಲಿ ತಡಕಾಡಿದ್ದನ್ನು ರಾಯರು ಮೊಮ್ಮಗನ ಬಾಲಲೀಲೆಗಿಂತ ಅಕ್ಕರೆಯಿಂದ ಬಣ್ಣಿಸುತ್ತಾರೆ. 2017ರಲ್ಲಿ ಭೌತವಿಜ್ಞಾನಿ ಪೆನ್‌ರೋಸ್ ಮುಂದಿಟ್ಟ ಪ್ರಶ್ನೆಯಂತೂ ಅಚ್ಚುಮೆಚ್ಚು. ಕಪ್ಪಿಗೆ ರಾಣಿ, ಎರಡು ಆನೆ, ಮೂರು ಒಂಟೆ, ಮೂರೂ ಕಪ್ಪು ಮನೆಗಳವೇ. ಬಿಳಿಗೆ ರಾಜನ ಜೊತೆ ನಾಲ್ಕೇ ಸೈನಿಕರು. ಅಂದಿನ ಯಂತ್ರಗಳು ಕಪ್ಪಿಗೆ ಗೆಲುವೆಂದವು. ರಾಜ ಬಿಳಿ ಮನೆಗಳಲ್ಲೇ ಅಡ್ಡಾಡಿಕೊಂಡಿದ್ದರೆ ಡ್ರಾ!

ಹೊಸ ಪ್ರಶ್ನೆ ಸಿಕ್ಕರೆ ಫೆನ್ ಸಾಲಾಗಿ ಉಳಿಸಿ ಬಂಧುಗಳ ವಾಟ್ಸ್ಆ್ಯಪ್ ಗುಂಪಿಗೆ ಹಾಕುತ್ತಾರೆ. ಅಕ್ಷರ, ಅಂಕಿ, ಓರೆಗೆರೆ ಬೆರೆತ ಆ ಸಾಲನ್ನು ಅಳಿಯಂದಿರು ವೈಫೈ ಪಾಸ್‌ವರ್ಡೆಂದು ಒತ್ತಿ ನೋಡಿದ್ದುಂಟು. ಯಾರಾದರೂ ಬೋರ್ಡಿನ ಫೋಟೊ ಕಳಿಸಿದರೋ, ರಾಯರು ಕೆಂಡ. "ಯಾರ ಸರದಿ? ಕ್ಯಾಸ್ಲಿಂಗ್ ಹಕ್ಕು ಉಳಿದಿದೆಯಾ? ಮುಖ ನೋಡಿ ಹೇಳೋಕೆ ನಾನೇನು ಜ್ಯೋತಿಷಿಯೇ?" ಸ್ಕಾಟ್ಲೆಂಡಿನ ಪತ್ರಕರ್ತ ಫೋರ್ಸೈತ್ 19ನೇ ಶತಮಾನದಲ್ಲೇ ಇಡೀ ಬೋರ್ಡನ್ನು ಒಂದು ಸಾಲಿಗಿಳಿಸಿದ, ಎಡ್ವರ್ಡ್ಸ್ ಅದನ್ನು ಕಂಪ್ಯೂಟರಿಗೆ ಹೊಂದಿಸಿದ; ಅದೇ ಫೆನ್. ಇಷ್ಟಾದರೂ ಫೋಟೊ ಕಳಿಸುವವರನ್ನು ರಾಯರು ಕ್ಷಮಿಸುವುದಿಲ್ಲ.

ಮೊನ್ನೆ ಹೊಸ ಆವೃತ್ತಿ ಇಳಿಸಿಕೊಂಡರು. ಜೋಪಾನ ಮಾಡಿದ ಪ್ರಶ್ನೆಗಳಿಗೆಲ್ಲ ಸರಿಯುತ್ತರ! ರಾಯರು ಮಾತಾಡಲಿಲ್ಲ. ಹತ್ತು ಸೆಕೆಂಡನ್ನು ಐದಕ್ಕಿಳಿಸಿದರು. ಪಾಸು. ಒಂದಕ್ಕಿಳಿಸಿದರು. ಪಾಸು.

"ಅರ್ಧ ಕೊಡಿ ಅಂದ್ರೆ, ಸಾರು ಆರ್ತಿದೆ" ಎಂದರು ಅಡುಗೆಮನೆಯಿಂದ ಅವರ ಹೆಂಡತಿ.

ಅರ್ಧ ಸೆಕೆಂಡಿಗೆ ಕೊನೆಗೂ ಒಂದು ತಪ್ಪಿತು. ರಾಯರು ಎದ್ದು ಕೈ ತೊಳೆದು ಬಂದು, ಎರಡು ಸಲ ಸಾರು ಬಡಿಸಿಕೊಂಡು ಉಂಡರು.