ಸರ್ಪಪಾಲನಾ ಪ್ರವೇಶಿಕೆ

ಸರ್ಪಪಾಲನೆ ಎಂದರೆ ಹಾವನ್ನು ಮನೆಯಲ್ಲಿಟ್ಟುಕೊಂಡು, ಕಾಲಕಾಲಕ್ಕೆ ಆಹಾರವಿತ್ತು, ಅದು ಹರಿದುಹೋಗದಂತೆ ಕಾಯ್ದು, ಇಷ್ಟೆಲ್ಲ ಮಾಡಿದ ಮೇಲೆ ತಾನೂ ಬದುಕಿ ಉಳಿಯುವ ವಿದ್ಯೆ. ಈ ಲಕ್ಷಣದ ಕೊನೆಯ ಅಂಗ ಐಚ್ಛಿಕವೆಂದು ಬಗೆಯುವ ಉತ್ಸಾಹಿಗಳಿದ್ದರೂ ಪ್ರಸ್ತುತ ಪ್ರಬಂಧವು ಅದನ್ನು ಕಡ್ಡಾಯವೆಂದೇ ಪರಿಗಣಿಸಿದೆ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಸೀಮೆಯಲ್ಲಿ ಈ ವಿದ್ಯೆಗೆ ಎದುರಾಗುವ ಮೊದಲ ತೊಡಕು ಪರಿಭಾಷೆಯದು. ಇಲ್ಲಿ ಹೊತ್ತು ಮುಳುಗಿದ ಮೇಲೆ ಹಾವಿನ ಹೆಸರೆತ್ತುವುದಿಲ್ಲ, ಅದು 'ಹುಳ'. ಅದು ಕಚ್ಚುವುದೂ ಇಲ್ಲ, 'ಮುಟ್ಟುತ್ತದೆ'. ಮಾರುದ್ದದ ಪ್ರಾಣಿಯನ್ನು ಹುಳವೆಂದೂ ವಿಷದ ಕಡಿತವನ್ನು ಸ್ಪರ್ಶವೆಂದೂ ಕರೆಯುವ ಈ ಸೌಜನ್ಯವು ಪಂಪನು ಮೆಚ್ಚಿದ ಪುಲಿಗೆರೆಯ, ಅಂದರೆ ಇಂದಿನ ಲಕ್ಷ್ಮೇಶ್ವರದ, ಕನ್ನಡಕ್ಕೆ ತಕ್ಕದ್ದೇ ಆಗಿದೆ.

ಪ್ರಾಚೀನ ಆಕರಗಳಲ್ಲಿ ಮುಖ್ಯವಾದುದು ಗದುಗಿನ ಭಾರತ. ರಾಮಾಯಣ ಬರೆದ ಕವಿಗಳ ಭಾರಕ್ಕೆ ಭೂಮಿ ಹೊತ್ತ ಆದಿಶೇಷನೇ ತಿಣುಕಿದನೆಂದು ಕುಮಾರವ್ಯಾಸನು ಪೀಠಿಕೆಯಲ್ಲಿ ಹೇಳಿದ್ದು, ಸಾಹಿತ್ಯ ವಿಮರ್ಶಕರು ಇದನ್ನು ಸಹಕವಿಗಳ ಮೇಲಿನ ಕಟಕಿಯೆಂದು ಓದುತ್ತ ಬಂದಿದ್ದಾರೆ. ಪಾಲನಾಶಾಸ್ತ್ರದ ದೃಷ್ಟಿಯಿಂದ ನೋಡಿದರೆ ಇದು ಸಾಕಿದ ಹಾವಿನ ಮೇಲೆ ಮಿತಿಮೀರಿ ಹೇರಬಾರದೆಂಬ ಎಚ್ಚರಿಕೆಯಲ್ಲದೆ ಬೇರೇನೂ ಅಲ್ಲ. ಎಚ್ಚರಿಸಿದ ಕವಿಯೇ ಮುಂದೆ ಹತ್ತು ಪರ್ವಗಳನ್ನು ಅದೇ ಹೆಡೆಯ ಮೇಲಿಟ್ಟನೆಂಬುದು ಬೇರೆ ಮಾತು.

ಸಾಕಬಹುದಾದ ಹಾವುಗಳು ಚರ, ಅಚರ ಎಂದು ಎರಡು ಬಗೆ. ಚರವೆಂದರೆ ಹರಿದಾಡುವಂಥದ್ದು. ಇದರಲ್ಲಿ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕು ಪ್ರಸಿದ್ಧವಾಗಿದ್ದು, ಈ ನಾಲ್ಕರ ವಿಷಕ್ಕೂ ಸೇರಿ ಒಂದೇ ಪ್ರತಿವಿಷವನ್ನು ಕುದುರೆಯ ರಕ್ತದಿಂದ ತಯಾರಿಸಲಾಗುತ್ತದೆಯಾದ ಕಾರಣ, ಶಾಸ್ತ್ರಪ್ರಕಾರ ಹಾವು ಸಾಕುವವನು ಮೊದಲು ಕುದುರೆ ಸಾಕಬೇಕಾಗುತ್ತದೆ. ಇಷ್ಟಕ್ಕೂ ಕರ್ನಾಟಕ ಸರ್ಕಾರವು 2024ರಲ್ಲಿ ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಸಾಲಿಗೆ ಸೇರಿಸಿರುವುದರಿಂದ, ಮುದ್ದಿನ ಪ್ರಾಣಿಯ ಒಂದೊಂದು ಮುದ್ದೂ ಆಸ್ಪತ್ರೆಯ ದಾಖಲೆಗೆ ಏರುತ್ತದೆ. ಕಾನೂನಿನ ಅಂಗವೂ ಸರಳವಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ 'ಬೇಟೆ' ಎಂಬ ಪದಕ್ಕೆ ಕೊಲ್ಲುವುದಷ್ಟೇ ಅಲ್ಲ, ಹಿಡಿಯುವುದೂ ಅರ್ಥ. ಆದ್ದರಿಂದ ಅಕ್ಕರೆಯಿಂದ ಹಾವನ್ನು ಬುಟ್ಟಿಗಿಳಿಸಿದವನೂ ಬೇಟೆಗಾರನೇ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ ನಾಗರಹಾವು, ಕೊಳಕುಮಂಡಲ, ಕೊನೆಗೆ ಬಡಪಾಯಿ ಕೇರೆಹಾವು ಕೂಡ ಮೊದಲನೆಯ ಅನುಸೂಚಿಗೇರಿ ಹುಲಿಯ ಪಂಕ್ತಿಯಲ್ಲಿ ಕುಳಿತಿವೆ. ಶಿಕ್ಷೆ ಮೂರರಿಂದ ಏಳು ವರ್ಷ, ದಂಡ 25,000 ರೂಪಾಯಿಗೆ ಕಡಿಮೆಯಿಲ್ಲ; ಅಷ್ಟು ಕಾಲ ಸಾಕಲು ಹೊರಟವನನ್ನು ಸರ್ಕಾರವೇ ಸಾಕುತ್ತದೆ. ಮಣ್ಣುಮುಕ್ಕ ಹಾವಿನ ಮೊಂಡು ಬಾಲವನ್ನು ಇನ್ನೊಂದು ತಲೆಯೆಂದು ನಂಬಿ, ಮನೆಗೆ ಲಕ್ಷ್ಮಿ ಬರುವಳೆಂದು ಲಕ್ಷಗಟ್ಟಲೆ ಎಣಿಸುವವರೂ ಉಂಟು. ಅಂಥ ವ್ಯವಹಾರದಲ್ಲಿ ತಲೆಗಳ ಲೆಕ್ಕವನ್ನು ಹಾವಿನಿಂದಲ್ಲ, ಕೊಳ್ಳುವವನಿಂದ ಆರಂಭಿಸುವುದು ಒಳ್ಳೆಯದು.

ಇದಲ್ಲದೆ 'ಅರಿಯದ ಪಾಲನೆ' ಎಂಬ ಒಂದು ಉಪಪದ್ಧತಿ ಈ ಸೀಮೆಯಲ್ಲಿ ಬಹುಕಾಲದಿಂದ ನಡೆದುಬಂದಿದೆ. ಹಿತ್ತಲಲ್ಲಿ ಕಣಕಿಯ ಬಣವಿ (ಜೋಳದ ಒಣ ದಂಟಿನ ಮೆದೆ), ಅದರ ಮಗ್ಗುಲಿಗೆ ಕುಳ್ಳಿನ ಒಟ್ಟಲು, ಒಳಗೆ ಕಾಳಿನ ಚೀಲ, ಚೀಲಕ್ಕೆ ಇಲಿ, ಇಲಿಗೆ ಹಾವು: ಹೀಗೆ ರೈತನು ವಸತಿಯನ್ನೂ ಊಟವನ್ನೂ ಒದಗಿಸಿ, ಕೂಲಿಯಿಲ್ಲದೆ ಇಲಿ ಹಿಡಿಸಿಕೊಂಡು, ತಾನು ಹಾವು ಸಾಕಿರುವುದನ್ನು ಮಾತ್ರ ಎಂದೂ ಒಪ್ಪುವುದಿಲ್ಲ. ಬಡಿಗೆ ಹಿಡಿದು ಬಣವಿಯ ಸುತ್ತ ನೆರೆದವರು ಪಾಲಕನ ಬಳಗವೆಂದು ಹಾವಿಗೂ ತಿಳಿದಿರುವುದಿಲ್ಲ. ಹೆಚ್ಚಿನ ಅಧ್ಯಯನಕ್ಕೆ 2019ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ, ಸುಮಾರು 244 ಚದರ ಕಿಲೋಮೀಟರಿನ ಕಪ್ಪತಗುಡ್ಡವಿದ್ದು, ಅಲ್ಲಿ ಹಾವುಗಳು ಯಾರ ನೆರವೂ ಇಲ್ಲದೆ ತಮ್ಮನ್ನು ತಾವೇ ಸಾಕಿಕೊಳ್ಳುತ್ತವೆ.

ಆರಂಭಿಕರಿಗೆ ಅಚರವೇ ಯೋಗ್ಯ. ಅಚರವೆಂದರೆ ಅರಳಿ-ಬೇವಿನ ಕಟ್ಟೆಯ ಕಲ್ಲಿನ ನಾಗಪ್ಪ, ಇಲ್ಲವೆ ಹುತ್ತದ ಮಣ್ಣಿನಲ್ಲಿ ತಿದ್ದಿದ ನಾಗಪ್ಪ. ಇದು ಪೊರೆ ಬಿಡುವುದಿಲ್ಲ, ಇಲಿ ಕೇಳುವುದಿಲ್ಲ, ಅನುಸೂಚಿಯಲ್ಲಿಲ್ಲ. ವರ್ಷಕ್ಕೊಮ್ಮೆ ಶ್ರಾವಣದ ಪಂಚಮಿಗೆ ತವರಿಗೆ ಬಂದ ಹೆಣ್ಣುಮಕ್ಕಳು ಅಳ್ಳು, ತಂಬಿಟ್ಟು, ಶೇಂಗಾ ಉಂಡಿಗಳೊಡನೆ ಹಾಲೆರೆಯುವರು. ಎರೆಯುವಾಗ ದೇವರ ಪಾಲು, ಅಪ್ಪನ ಪಾಲು, ಅವ್ವನ ಪಾಲು, ಅಣ್ಣನ ಪಾಲು ಎಂದು ಒಬ್ಬೊಬ್ಬರ ಹೆಸರಿನಲ್ಲಿ ಎರೆಯುವುದರಿಂದ, ಯಾವ ಸಹಕಾರಿ ಸಂಘದಲ್ಲೂ ಇಷ್ಟು ಚೊಕ್ಕ ಖಾತೆ ದೊರೆಯದು. ದಿಟದ ಹಾವು ಹಾಲನ್ನು ಅರಗಿಸಿಕೊಳ್ಳಲಾರದು, ಕಲ್ಲಿನ ಹಾವಿಗೆ ಆ ಪ್ರಶ್ನೆಯೇ ಏಳುವುದಿಲ್ಲ. ಕಲ್ಲಿಗೆ ಹಾಲೆರೆದು ಜೀವಂತ ಹಾವಿಗೆ ಬಡಿಗೆ ಎತ್ತುವ ಈ ಕ್ರಮವನ್ನು ಹನ್ನೆರಡನೆಯ ಶತಮಾನದಲ್ಲಿಯೇ ಬಸವಣ್ಣನವರು ಆಕ್ಷೇಪಿಸಿದ್ದು, ಪಾಲಕರು ಆ ವಚನವನ್ನು ಬಾಯಿಪಾಠ ಮಾಡಿಕೊಂಡು ಎರಡನ್ನೂ ಮುಂದುವರಿಸಿದ್ದಾರೆ. ಎರೆದ ಹಾಲಿನಲ್ಲಿ ಒಂದಷ್ಟನ್ನು ಬೆಕ್ಕು, ಉಳಿದುದನ್ನು ಇರುವೆ ಕುಡಿಯುತ್ತವೆ; ಅವನ್ನು ಸಾಕುವ ವಿಧಾನ ಬೇರೊಂದು ಗ್ರಂಥದ ವಿಷಯ.